ಬಸಣ್ಣನ ಒಪ್ಪತ್ತು

ಕೊಟ್ಟೂರಿನ ಮನೆಯಿಂದಲೇ ನನ್ನ ಕೆಲಸ. ಅವತ್ತು ಸೋಮವಾರ, ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಕನೆಕ್ಟ್ ಆಗಲೇ ಇಲ್ಲ. ಇಂಟರ್‌ನೆಟ್ ಹಾಕಿಕೊಟ್ಟಿದ್ದ ಬಸಣ್ಣನನ್ನು ಫೋನಿನಲ್ಲೇ ದಬಾಯಿಸಿದೆ. ಸೋಮವಾರ ಒಪ್ಪತ್ತು ಮಾಡುವ ಮನುಷ್ಯ, ಊಟದ ನಡುವೆಯೇ ಎದ್ದು ಬಂದ. ಹಾಗೆ ಎದ್ದರೆ ಅವತ್ತು ಮತ್ತೆ ಉಣ್ಣುವಂತಿಲ್ಲ.

ರೂಟರಿನ ಫೈರ್‌ವಾಲ್ ಸೆಟ್ಟಿಂಗಿನಲ್ಲಿ ತಡೆಗಳ ಪಟ್ಟಿ ತೆರೆದು ನೋಡಿ, "ಇಲ್ಲಿ ವಿಪಿಎನ್ ಬಂದ್ ಮಾಡ್ಯಾರಲ್ರಿ ಸರ, ಯಾರ್ ಮಾಡಿದ್ರು?" ಎಂದ.

ಥಟ್ಟನೆ ನೆನಪಾಯಿತು. ಮಗಳು ವಿಪಿಎನ್ ಆ್ಯಪ್ ಹಾಕಿಕೊಂಡು ನಾನು ತಡೆದಿದ್ದ ವಿಡಿಯೊಗಳನ್ನು ಕದ್ದು ನೋಡುತ್ತ, "ಓದಾಕತ್ತೀನಿ" ಅಂದಿದ್ದಳೆಂದು ಶನಿವಾರ ರಾತ್ರಿ ನಾನೇ ಬಂದ್ ಮಾಡಿದ್ದೆ.

ಆದರೂ, "ನೀನೇ ಮಾಡಿರಬೇಕು ನೋಡಪಾ" ಅಂದುಬಿಟ್ಟೆ.

"ಇರಬಹುದ್ರಿ, ತಪ್ಪಾತು." ಸರಿ ಮಾಡಿಕೊಟ್ಟು ಅರೆಹೊಟ್ಟೆಯಲ್ಲೇ ಹೋದ.

ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸುಳ್ಳು ಹೇಳಬಾರದೆಂದು ಅವಳಿಗೆ ಅರ್ಧ ತಾಸು ಬುದ್ಧಿ ಹೇಳಿ ವಿಪಿಎನ್ ಬಂದ್ ಮಾಡಿದವನು ನಾನು.