ದೊಡ್ಡಪ್ಪನ ಎಲೆಯೆದುರು ಕ್ಯಾಮೆರಾ

ಹೋದ ವರ್ಷ ನಮ್ಮ ಹಿತ್ತಿಲಿನ ಕೆಂಪುಕಲ್ಲಿನ ಗೋಡೆಯ ಸಂದಿನಲ್ಲಿ ಮುಂಗುಸಿ ಮರಿ ಹಾಕಿತ್ತು. ಅದರ ಫೋಟೊ ತೆಗೆಯಬೇಕೆಂಬ ಹುಚ್ಚು ನನಗೆ ಹಿಡಿಯಿತು. ಉಪ್ಪಳದ ಅಂಗಡಿಯಿಂದ ಸೆನ್ಸರ್ ತಂದೆ. ಯಾರಾದರೂ ಹತ್ತಿರ ಬಂದರೆ ತಾನಾಗಿ ಉರಿಯುವ ದೀಪಗಳಲ್ಲಿರುತ್ತದಲ್ಲ, ಅದೇ. ಅದನ್ನು ಹಳೆಯ ಕ್ಯಾಮೆರಾಕ್ಕೆ ಜೋಡಿಸಿ, ಎರಡನ್ನೂ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿ, ಮಳೆನೀರು ಇಳಿಯದಂತೆ ಸಂದುಗಳಿಗೆ ಅಂಟು ಮೆತ್ತಿದೆ. ಬಿಸಿ ಮೈಯೊಂದು ಎದುರು ಹಾದರೆ ಸಾಕು, ಚಿತ್ರ ಬೀಳುತ್ತಿತ್ತು. ಬಿದ್ದದ್ದೆಲ್ಲ ಪಕ್ಕದ ಮನೆಯ ಕೋಳಿಗಳು. ಅವುಗಳಿಗೆ ಆಧಾರ್ ಕಾರ್ಡು ಮಾಡಿಸುತ್ತಿದ್ದೀಯಾ ಎಂದು ತಂಗಿ ಕೀಟಲೆ ಮಾಡಿದಳು.

ಅಷ್ಟರಲ್ಲಿ ಮಳೆಗಾಲದ ನಡುವಿನ ಆಟಿ ತಿಂಗಳು, ನಮ್ಮ ತುಳುವರ ಆಷಾಢ, ಬಂತು. ತೀರಿಕೊಂಡವರಿಗೆ ಬಡಿಸುವ ದಿನ ನಮ್ಮಲ್ಲಿ ಕೋಳಿಸಾರು, ರೊಟ್ಟಿ. ಒಳಗೆ ಬಡಿಸಿದ ಮೇಲೆ ಒಂದು ಎಲೆಯನ್ನು ಹಿತ್ತಿಲಿನ ಹಲಸಿನ ಬುಡದಲ್ಲಿಟ್ಟು, ತಿರುಗಿ ನೋಡದೆ ಬರಬೇಕು. ದೊಡ್ಡಪ್ಪ ತೀರಿಕೊಂಡ ಮೇಲೆ ಅದು ದೊಡ್ಡಮ್ಮನದೇ ಕೆಲಸ. ಹೋದರೆ ಬರುವುದು ತಡ. ಮಂಡಿನೋವು ಎನ್ನುತ್ತಿದ್ದರು, ನಾವೂ ನಂಬಿದ್ದೆವು.

ಕೋಳಿಯ ವಾಸನೆಗೆ ಮುಂಗುಸಿ ಬಂದೇ ಬರುತ್ತದೆ ಎಂಬುದು ನನ್ನ ಲೆಕ್ಕ. ಯಾರಿಗೂ ಹೇಳದೆ ಪೆಟ್ಟಿಗೆಯನ್ನು ಹಲಸಿನ ಬುಡದತ್ತ ತಿರುಗಿಸಿ ಕಟ್ಟಿದೆ. ಸತ್ತವರ ಎಲೆಯನ್ನು ಆಮಿಷ ಮಾಡಿಕೊಳ್ಳುತ್ತಿದ್ದೇನೆ ಎಂದು ಅನಿಸಲೇ ಇಲ್ಲ. ಬುದ್ಧಿಗೆ ಮಂಕು ಬಡಿದಿತ್ತು.

ಸಂಜೆ ಚಹಾದ ಹೊತ್ತಿಗೆ, ನೆಂಟರೆಲ್ಲ ಕೂತಿರುವಾಗ, ನಾನೇ ಮೊದಲು ನೋಡುವ ವ್ಯವಧಾನವೂ ಇಲ್ಲದೆ ಚಿತ್ರಗಳನ್ನು ಟಿವಿಗೆ ಹಾಕಿದೆ. ಮುಂಗುಸಿ ಇರಲಿಲ್ಲ. ದೊಡ್ಡಮ್ಮ ಇದ್ದರು. ಎಲೆಯೆದುರು ನೆಲದಲ್ಲೇ ಕೂತು, ಸೆರಗಿನಡಿ ತಂದಿದ್ದ ರೊಟ್ಟಿ ತಿನ್ನುತ್ತಿದ್ದರು. ಒಂದು ಚಿತ್ರದಲ್ಲಿ ತಮ್ಮ ಪಾಲಿನ ತುಂಡನ್ನು ಆ ಎಲೆಗೆ ಹಾಕುತ್ತಿದ್ದರು. ಇನ್ನೊಂದರಲ್ಲಿ ಏನೋ ಹೇಳಿ ನಗುತ್ತಿದ್ದರು.

ದೊಡ್ಡಪ್ಪ ಬದುಕಿದ್ದಾಗ ಅವರಿಬ್ಬರೂ ಒಟ್ಟಿಗೆ ಕೂತು ಉಂಡದ್ದನ್ನು ನಾವ್ಯಾರೂ ಕಂಡಿಲ್ಲ. ಗಂಡಸರದ್ದು ಮುಗಿದ ಮೇಲೆ ಅಡುಗೆಮನೆಯಲ್ಲಿ ದೊಡ್ಡಮ್ಮನ ಊಟ.

ಯಾರೋ ನಕ್ಕರು. ಹಾಳು ಬಾಯಿ, ನಾನೂ ನಕ್ಕೆ. ತಿರುಗಿದರೆ ದೊಡ್ಡಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಟ್ಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಂದೇ ಪೆಟ್ಟಿಗೆ ಬಿಚ್ಚಿದೆ, ಚಿತ್ರಗಳನ್ನೂ ಅಳಿಸಿದೆ. ತಪ್ಪಾಯಿತು ಎನ್ನಲು ಮಾತ್ರ ಇವತ್ತಿಗೂ ನನಗೆ ಮುಖವಿಲ್ಲ.

ಈ ವರ್ಷ ಆಟಿಯಲ್ಲಿ ದೊಡ್ಡಮ್ಮ ಎಲೆಯನ್ನು ನನ್ನ ಕೈಗೇ ಕೊಟ್ಟರು. ಪೆಟ್ಟಿಗೆ ಈಗ ಇಲ್ಲ ಎಂದು ತೊದಲಿದೆ.

“ಗೊತ್ತುಂಟು ಮಗ. ನನಗೇ ಇನ್ನು ಅಲ್ಲಿ ಕೂರ್ಲಿಕ್ಕೆ ನಾಚಿಕೆ ಆಗ್ತದೆ. ನೀನೇ ಇಟ್ಟು ಬಾ.”

ಇಟ್ಟು ಬಂದೆ. ವರ್ಷಕ್ಕೊಂದೇ ಊಟ ಅವರಿಬ್ಬರದ್ದು, ಅದನ್ನೂ ನಾನು ಕಿತ್ತುಕೊಂಡಿದ್ದೆ. ಆ ದಿನ ದೊಡ್ಡಮ್ಮ ನಮಗೆಲ್ಲ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಒಬ್ಬರೇ ಉಂಡರು.