ಎಮ್ಮೆ ಯಾರ ಕೈಗೆ ಸೊರೆಬಿಟ್ಟಿತು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಹಳ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೊನವಾಡದಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ, ನಾನೊಬ್ಬಳು ಹೇಳದಿದ್ದರೆ ಎದ್ದು ಕಾಣುತ್ತದೆ. ಮಾತು ಮೆತ್ತಗೆ, ಕೈ ಚೊಕ್ಕ. ಅವಳ ಕೊಟ್ಟಿಗೆಯಲ್ಲಿ ಚಾಪೆ ಹಾಸಿ ಊಟಕ್ಕೆ ಕೂರಬಹುದು. ನಮ್ಮಿಬ್ಬರ ಹಿತ್ತಿಲ ನಡುವೆ ಎದೆಮಟ್ಟದ ಒಂದೇ ಗೋಡೆ ಇರುವುದರಿಂದ ಅದನ್ನೆಲ್ಲ ನಾನು ದಿನಾ ನೋಡಲೇಬೇಕು.

ಆದರೆ ಎಮ್ಮೆ ನನ್ನದು. ಕಳ್ಳಕವಟಗಿಯ ತವರಿನಿಂದ ಕರುವಾಗಿದ್ದಾಗ ತಂದು ಸಾಕಿದ್ದು. ಅದು ಈದ ಕೆಲವೇ ದಿನಗಳಲ್ಲಿ ಅದರ ಕರು ಸತ್ತಿತು. ಕರು ಸತ್ತ ಎಮ್ಮೆ ಸುಲಭವಾಗಿ ಸೊರೆಬಿಡುವುದಿಲ್ಲ. ಕೆಚ್ಚಲು ತುಂಬಿದ್ದರೂ ಹಾಲು ಕೆಳಗಿಳಿಸದೆ ಹಿಡಿದುಕೊಂಡು ನಿಲ್ಲುತ್ತದೆ. ನನಗೊಬ್ಬಳಿಗೇ ಬಿಡುತ್ತಿತ್ತು. ಬಿಸಿನೀರಲ್ಲಿ ಕೆಚ್ಚಲು ತೊಳೆದು, ನೀವಿ, "ಬಿಡ ಬೇ ಮಳ್ಳಿ" ಎಂದು ಗದರಿದರೆ ಸಾಕು, ಹಾಲು ಇಳಿಯುತ್ತಿತ್ತು. ಗಂಡ ಹತ್ತಿರ ಬಂದರೆ ಒದೆಯುತ್ತಿತ್ತು. ಊರೆಲ್ಲ ಹೊಗಳುವ ನೆಗೆಣ್ಣಿಯ ಪಕ್ಕದ ಮನೆಯಲ್ಲಿ ಬದುಕುವವಳಿಗೆ ಅಷ್ಟು ಜಂಬವಾದರೂ ಬೇಡವೇ?

ಹೋದ ವರ್ಷ ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ವಿಜಯಪುರದ ಆಸ್ಪತ್ರೆಯಿಂದ ಬಿಟ್ಟ ಮೇಲೂ ಅಲ್ಲೇ ಜೋರಾಪುರ ಪೇಟೆಯ ಅಕ್ಕನ ಮನೆಯಲ್ಲಿ ಒಂದು ತಿಂಗಳು ಇರಬೇಕಾಯಿತು. ಗಂಡನಿಗೆ ಫೋನ್ ಹಚ್ಚಿದಾಗ ನಾನು ಮೊದಲು ಕೇಳಿದ್ದು ಎಮ್ಮೆಯನ್ನೇ.

"ಚಲೋ ಐತಿ. ನಿನ್ನ ನೆಗೆಣ್ಣಿ ಹಿಂಡಾಕತ್ತಾಳ."

"ಒದ್ದಿಲ್ಲಾ?"

"ಯಾಕ ಒದಿತೈತಿ? ಬಕೆಟ್ ತುಂಬ ಕೊಡಾಕತ್ತೈತಿ."

ಅಕ್ಕ ಕೊಟ್ಟ ಗಂಜಿಯನ್ನು ಪಕ್ಕಕ್ಕೆ ಸರಿಸಿದೆ. ಒದೆಯಲಿ ಎಂದು ನಾನು ಬಯಸಿರಲಿಲ್ಲ, ಆದರೆ ಒದ್ದಿದೆ ಎಂದು ಕೇಳಿದ್ದರೆ ಹೊಲಿಗೆಯ ನೋವು ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

ಊರಿಗೆ ಮರಳಿದ ದಿನ ಅಕ್ಕ ಉಡಿಸಿದ ಹೊಸ ಸೀರೆಯಲ್ಲೇ ಕೊಟ್ಟಿಗೆಗೆ ಹೋದೆ. ಎಮ್ಮೆ ನನ್ನನ್ನು ಮೂಸಿ ನೋಡಿ ಮುಖ ತಿರುಗಿಸಿತು. ಮೂಲೆಯಲ್ಲಿ ನಾನಿಟ್ಟಿದ್ದ ಶೇಂಗಾ ಹಿಂಡಿಯ ಚೀಲವೂ ಇರಲಿಲ್ಲ. ಕೇಳಿದರೆ ನೆಗೆಣ್ಣಿ ಗೋಡೆಯಾಚೆಯಿಂದಲೇ ಹೇಳಿದಳು.

"ಅದು ಬೂಸು ಹಿಡದಿತ್ತರಿ ಅಕ್ಕಾರ, ತಿಪ್ಪಿಗೆ ಹಾಕೇನಿ. ಟಿಕೋಟಾದ ಮೀಟಿಂಗಿನ್ಯಾಗ ಡಾಕ್ಟರ್‌ಬಾಯಾರು ಹೇಳಿದ್ರಲ್ಲರಿ, ಅಂಥಾ ಹಿಂಡಿ ತಿಂದ್ರ ಅದರ ವಿಷ ಹಾಲಿನ್ಯಾಗೂ ಬರತೈತಂತ. ಔಷಧ ಹೊಡದ ದ್ರಾಕ್ಷಿ ಎಲಿನೂ ಹಾಕಿಲ್ಲರಿ."

ಪಶುವೈದ್ಯೆಯ ಆ ಸಭೆಯಲ್ಲಿ ನಾನೂ ಇದ್ದೆ. ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿ ಬಂದಿದ್ದೆ. ಇವಳು ಕೇಳಿದ್ದನ್ನೆಲ್ಲ ಮಾಡಿದ್ದಾಳೆ. ಒಂದಾದರೂ ತಪ್ಪು ಮಾಡಿದ್ದರೆ ಜಗಳ ತೆಗೆಯಬಹುದಿತ್ತು. ಚೀಲವನ್ನು ನನ್ನನ್ನು ಕೇಳದೆ ಎಸೆದದ್ದೇಕೆ ಎಂದಷ್ಟೇ ಗೊಣಗಿ ಒಳಗೆ ಹೋದೆ.

ಸಂಜೆ ಹಿಂಡಲು ಕುಳಿತರೆ ಹನಿ ಹಾಲಿಲ್ಲ. ಬೈದೆ, ನೀವಿದೆ, ಬೆಲ್ಲ ತಿನ್ನಿಸಿದೆ. ಅದು ಬಕೆಟ್ ಒದ್ದು ಗೋಡೆಯ ಕಡೆ ನೋಡುತ್ತ ನಿಂತಿತು. ಬೆಳಿಗ್ಗೆಯೂ ಅದೇ ಪಾಡು. ಕೆಚ್ಚಲು ಕಲ್ಲಾಗಿ ಬಿಸಿಯಾಗಿತ್ತು. ಇನ್ನೊಂದು ಹೊತ್ತು ಹಾಲು ಒಳಗೇ ಉಳಿದರೆ ಕೆಚ್ಚಲುಬಾವು ಬರುವುದು ಖಂಡಿತ.

"ನಾ ಹಿಂಡ್ಲೇನ್ರಿ?" ಎಂದಳು ನೆಗೆಣ್ಣಿ.

"ಬ್ಯಾಡ," ಎಂದೆ.

ಗಂಡನಿಗೆ ಸಿಟ್ಟು ಬಂತು. "ಅಕಿ ಹಿಂಡ್ಲಿ, ಇಲ್ಲಾ ಸೂಜಿ ಹಾಕೂಣು. ಎಮ್ಮಿ ಜೀವಾ ಯಾಕ ತಿಂತಿ?" ಎಂದು ಹೊರಗೆ ಹೋದವನು ಯಾರಿಂದಲೋ ಒಂದು ಸಣ್ಣ ಬಾಟಲಿ ಮತ್ತು ಸಿರಿಂಜ್ ತಂದು ನನ್ನ ಕೈಗಿಟ್ಟ. ಬಾಟಲಿಗೆ ಚೀಟಿಯೇ ಇರಲಿಲ್ಲ. ಚುಚ್ಚಿದ ಗಳಿಗೆಗೇ ಹಾಲು ಇಳಿಯುತ್ತದಂತೆ. ಹೀಗೆ ಕದ್ದು ಚುಚ್ಚುವುದಕ್ಕೆ ಕಾನೂನಿನ ತಡೆಯಿದೆ, ಅದು ಎಮ್ಮೆಗೆ ಹಿಂಸೆ ಎಂದು ಡಾಕ್ಟರ್‌ಬಾಯಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಬಾಟಲಿ ಹಿಡಿದು ಕೊಟ್ಟಿಗೆಗೆ ಹೋದೆ. ನನ್ನ ಎಮ್ಮೆ ಅವಳ ಕೈಗೆ ಹಾಲು ಕೊಡುವುದನ್ನು ನಿಂತು ನೋಡುವುದಕ್ಕಿಂತ ಸೂಜಿಯೇ ವಾಸಿ ಅನ್ನಿಸಿತ್ತು. ಹೊಟ್ಟೆಕಿಚ್ಚು ಅಂದರೆ ಅಷ್ಟು.

"ಅಕ್ಕಾರ, ಅದನ್ನ ಕೆಳಗ ಇಡ್ರಿ!"

ನೆಗೆಣ್ಣಿ ಗೋಡೆಯಾಚೆ ನಿಂತಿದ್ದಳು. ಅವಳು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಓಡಿ ಒಳಗೆ ಹೋಗಿ ಏನನ್ನೋ ತಂದು ಗೋಡೆಯ ಮೇಲಿಂದ ನನ್ನತ್ತ ಚಾಚಿದಳು. ನನ್ನದೇ ಹಳೆಯ ಹಸಿರು ಸೀರೆ. ಆಸ್ಪತ್ರೆಗೆ ಹೋಗುವ ದಿನ ಬಿಚ್ಚಿ ಕೊಟ್ಟಿಗೆಯ ಗೂಟಕ್ಕೆ ಹಾಕಿ ಹೋಗಿದ್ದೆ. ಸಗಣಿ, ಹಾಲು, ಬೆವರು ಎಲ್ಲ ಸೇರಿ ಅದರ ವಾಸನೆ ಗೋಡೆ ದಾಟಿ ಬರುತ್ತಿತ್ತು.

"ಇದನ್ನ ಉಟ್ಕೊಂಡು ಕೂಡ್ರಿ. ನೀವು ಹ್ವಾದ ದಿನ ನನಗೂ ಒದಿತರಿ ಅದು. ಆಮ್ಯಾಲ ನಿಮ್ಮ ಸೀರಿ ಸುತ್ಕೊಂಡು, ನಿಮ್ಮಂಗ ಬೈದೆ. ಆಗ ಬಿಡ್ತು. ವಾಸನಿ ಹೋದೀತಂತ ಒಗದಿಲ್ಲರಿ."

"ನನ್ನಂಗ ಬೈದಿ? ಏನಂತ?"

ಅವಳು ನಾಚಿಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡು "ಬಿಡ ಬೇ ಮಳ್ಳಿ!" ಎಂದಳು. ಥೇಟ್ ನನ್ನದೇ ಒರಟು ದನಿ. ಎಮ್ಮೆ ತಟ್ಟನೆ ಕಿವಿ ನಿಮಿರಿಸಿತು.

ಹಾಲು ಹಿಂಡುವವರು ತೊಳೆದ ಬಟ್ಟೆ ಉಡಬೇಕು ಎಂಬುದೂ ಡಾಕ್ಟರ್‌ಬಾಯಿಯ ನಿಯಮವೇ. ಒಂದನ್ನೂ ಬಿಡದೆ ಪಾಲಿಸುವ ಈ ಚೊಕ್ಕ ಹೆಂಗಸು ಅದೊಂದನ್ನು ಮುರಿದು, ತಿಂಗಳಿಡೀ ನನ್ನ ಕೊಳಕು ಸೀರೆ ಸುತ್ತಿಕೊಂಡು ಕುಳಿತಿದ್ದಳು. ಬಾಟಲಿಯನ್ನು ತಿಪ್ಪೆಯಲ್ಲಿ ಹೂತು ಬಂದು ಸೀರೆ ಉಟ್ಟೆ.

ಎಮ್ಮೆ ಸೆರಗು ಮೂಸಿತು, ಉಸಿರು ಬಿಟ್ಟಿತು. ಬೈಯುವ ಮೊದಲೇ ಹಾಲು ಇಳಿಯಿತು. ಅಂದರೆ ಇಷ್ಟು ದಿನವೂ ಅದು ಕೊಟ್ಟದ್ದು ನನಗೇ, ಅವಳಿಗಲ್ಲ! ಬಕೆಟ್ಟಿನಲ್ಲಿ ನೊರೆ ಏರುತ್ತಿದ್ದಂತೆ ನನ್ನ ಹೊಟ್ಟೆ ತಣ್ಣಗಾಯಿತು. ಖುಷಿಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡೆ. ಆಗಲೇ ಗೊತ್ತಾದದ್ದು. ಸೆರಗಿಗೆ ಅವಳ ಕೊಬ್ಬರಿ ಎಣ್ಣೆಯ, ಅವಳ ಮೈಯ ವಾಸನೆ ಹತ್ತಿತ್ತು. ನನ್ನದನ್ನು ಹುಡುಕಿದೆ, ನನ್ನ ಮೂಗಿಗೆ ಸಿಗಲಿಲ್ಲ.

ನೆಗೆಣ್ಣಿ ಈಗಲೂ ಆಗಾಗ ಗೋಡೆಯಾಚೆಯಿಂದ ಕೇಳುತ್ತಾಳೆ, "ಆ ಸೀರಿ ಒಗದು ಕೊಡ್ಲೇನ್ರಿ ಅಕ್ಕಾರ?"

ಬೇಡ ಎನ್ನುತ್ತೇನೆ. ಒಗೆದರೆ ಇಬ್ಬರ ವಾಸನೆಯೂ ಹೋಗುತ್ತದೆ. ಆಮೇಲೆ ಎಮ್ಮೆ ನಮ್ಮಿಬ್ಬರಲ್ಲಿ ಯಾರಿಗೆ ಹಾಲು ಬಿಡುತ್ತದೆ ಎಂಬುದು ಗೊತ್ತಾಗಿಬಿಡುತ್ತದೆ. ಅದು ನನಗೆ ಗೊತ್ತಾಗುವುದು ಬೇಡ.