ಹಾಡಿನ ಕೆಳಗಿನ ಮಾತು

ಅವರ ಎಡಗೈ ಮಣಿಕಟ್ಟಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿ ತಾಗಿ ಸುಟ್ಟ ಗುರುತೊಂದಿತ್ತು, ಸಮೋಸದ ತುದಿಯಂಥದ್ದು. ಅದು ಸದಾ ನನ್ನ ಕಣ್ಣಿಗೆ ಬೀಳುತ್ತಿತ್ತು. ಏಕೆಂದರೆ ಬಲಗೈ ಇಸ್ತ್ರಿಯ ಮೇಲಿದ್ದಾಗ ಎಡಗೈ ಟೇಪ್ ರೆಕಾರ್ಡರಿನ ಸೌಂಡಿನ ಗುಂಡಿಯ ಮೇಲೆಯೇ ಇರುತ್ತಿತ್ತು. ಹಾಡು ಹಚ್ಚುವುದೇನೋ ಹಚ್ಚುವರು, ಆದರೆ ಎಷ್ಟು ಸಣ್ಣಗೆಂದರೆ ಅಂಗಡಿಯ ಕಟ್ಟೆಯ ಮೇಲೆ ಕೂತವರಿಗೆ ಹಾಡಿಗಿಂತ ಇದ್ದಿಲು ಚಟಗುಟ್ಟುವ ಸದ್ದೇ ಹೆಚ್ಚು ಕೇಳಬೇಕು. ಹಾಡುಗಾರ ಒಂಚೂರು ದನಿ ಏರಿಸಿದನೋ, ಆ ಎಡಗೈ ಅವನ ಕತ್ತು ಹಿಸುಕಿತೆಂದೇ ತಿಳಿಯಿರಿ.

ಬಸವಕಲ್ಯಾಣದಲ್ಲಿ, ಕೋಟೆಯ ಕೆಳಗಿನ ನಮ್ಮ ಓಣಿಯವರಿಗೆಲ್ಲ ಅವರು ಇಸ್ತ್ರಿ ಚಾಚಾ. ಅವರ ಒಬ್ಬಳೇ ಮಗಳು ನನ್ನ ಗೆಳತಿ, ಹಾಗಾಗಿ ನನಗೆ ಬರೀ ಚಾಚಾ. ಮೊದಲು ಸೌದಿಯಲ್ಲಿ ಗುತ್ತಿಗೆದಾರನೊಬ್ಬನ ಲಾಂಡ್ರಿಯಲ್ಲಿ ಇದ್ದರು. ತೊಂಬತ್ತೊಂದರಲ್ಲಿ ಕುವೈತಿನ ಯುದ್ಧ ಬಂದಾಗ ಆ ಲಾಂಡ್ರಿಗೆ ಅಮೆರಿಕದ ಸೈನಿಕರ ಬಟ್ಟೆ ಬರತೊಡಗಿತು. ಯುದ್ಧ ಮುಗಿದದ್ದೇ ಊರಿಗೆ ಬಂದುಬಿಟ್ಟರು. ಅರಬ್ ದೇಶಕ್ಕೆ ಹೋದವರು ಕಂಬಳಿ, ಅತ್ತರು, ಟಿವಿ ತಂದರೆ ಇವರು ತಂದದ್ದು ಒಂದು ಟೇಪ್ ರೆಕಾರ್ಡರು ಮತ್ತು ಸೈನಿಕರು ಬಿಟ್ಟುಹೋಗಿದ್ದ ಒಂದು ಡಬ್ಬಿ ಇಂಗ್ಲಿಷ್ ಕ್ಯಾಸೆಟ್ಟು. ಓಣಿಯವರು ಆ ಡಬ್ಬಿಯನ್ನು ಸಂಶಯದಿಂದ ನೋಡಿದರು. ಚಾಚಾ ಓಣಿಯವರನ್ನು ಅದಕ್ಕಿಂತ ಹೆಚ್ಚು ಸಂಶಯದಿಂದ ನೋಡಿದರು.

ಸಂಶಯ ಅವರ ಸ್ವಭಾವದಲ್ಲೇ ಇತ್ತು. ಅಂಗಿಯನ್ನು ಮೂಸಿ ನೋಡದೆ ಇಸ್ತ್ರಿಗೆ ಹಾಕುತ್ತಿರಲಿಲ್ಲ. ಹಾಲಿನವನು ಇವತ್ತು ಯಾಕೆ ನಕ್ಕ ಎಂದು ಅರ್ಧ ದಿನ ಯೋಚಿಸುವರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ಸೇರಿದ ಮೇಲೆ ಆ ಹಾಡುಗಳ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದರೆ ನಂಬಬೇಕಲ್ಲ?

"ಪೂರಾ ಹೇಳ ಬೇಟಿ. ಛಲೋ ಇದ್ದದ್ದಷ್ಟ ಆರಿಸಿ ಹೇಳಬ್ಯಾಡ" ಎನ್ನುವರು. ವಾರ ಬಿಟ್ಟು ಅದೇ ಹಾಡನ್ನು ಹೊಸದೆಂಬಂತೆ ಹಚ್ಚಿ ಮತ್ತೆ ಅರ್ಥ ಕೇಳುವರು. ನನ್ನ ಮಾತು ಹೋದ ವಾರದ ಮಾತಿಗೆ ತಾಳೆಯಾಗುತ್ತದೋ ಇಲ್ಲವೋ ಎಂಬ ಪರೀಕ್ಷೆ ಅದು. ಸಿಟ್ಟು ಬರುತ್ತಿತ್ತು. ಆದರೂ ಸ್ಕೂಲು ಬಿಟ್ಟೊಡನೆ ನನ್ನ ಕಾಲು ಅದೇ ಕಟ್ಟೆಯ ಕಡೆ ತಿರುಗುತ್ತಿತ್ತು.

ಒಂದು ಸಂಜೆ ಗಿಟಾರಿನ ಮೆಲ್ಲನೆಯ ಹಾಡೊಂದಕ್ಕೆ ನಾನು, "ಇದು ಆ ಸೈನಿಕರ ಅಪ್ಪಂದಿರ ಕಾಲದ್ದು ಚಾಚಾ. ವಿಯೆಟ್ನಾಮಿನಾಗ ಯುದ್ಧ ನಡದಾಗ, ನಮ್ಮ ಹುಡುಗರನ್ನ ಅಲ್ಲಿಗಿ ಕಳಸಬ್ಯಾಡ್ರಿ ಅಂತ ಹಾಡ್ಯಾರ" ಎಂದೆ.

ಅವರು ಇಸ್ತ್ರಿಯನ್ನು ಪಕ್ಕಕ್ಕಿಟ್ಟರು. "ಇದನ್ನ ಹಚ್ಚಿಕೊಂಡ ಟ್ರಕ್ ಹತ್ತತಿದ್ರು ಬೇಟಿ. ಕುಣಕೋತ ಹತ್ತತಿದ್ರು."

ಯುದ್ಧ ಬೇಡವೆಂದು ಅಪ್ಪ ಹಾಡಿದ ಹಾಡಿಗೆ ತಾಳ ಹಾಕುತ್ತ ಮಗ ಯುದ್ಧಕ್ಕೆ ಹೋಗಿದ್ದ. ಆದರೂ ನಾನು ಸೋಲುವವಳಲ್ಲ. ಹಾಡು ಜನರ ಮನಸ್ಸನ್ನೇ ಹೇಳುತ್ತದೆ, ಆ ದೇಶದಲ್ಲಿ ಏನಾಯಿತೆಂದು ತಿಳಿಯಲು ಹಾಡು ಕೇಳಿದರೆ ಸಾಕು ಎಂದು ವಾದ ಮಾಡಿದೆ.

"ಯಾರ ಮನಸ್ಸು? ಹಾಡವಂದಾ, ಮಾರವಂದಾ, ಕೇಳವಂದಾ?" ಎಂದರು.

ಹಾಡನ್ನು ಅಷ್ಟು ಸಣ್ಣಗೆ ಏಕೆ ಹಚ್ಚುತ್ತಾರೆಂಬುದು ತಿಳಿದದ್ದೂ ಅವತ್ತೇ. ಲಾಂಡ್ರಿಯಲ್ಲಿ ಆಳುಗಳ ಮೇಲ್ವಿಚಾರಣೆಯ ಮುಕಾದಮನ ಕೈಯಲ್ಲೊಂದು ದೊಡ್ಡ ಟೇಪ್ ಡೆಕ್ ಇತ್ತಂತೆ. ದಿನವೂ ಹಾಡು ಹದವಾಗಿ ನಡೆಯುತ್ತಿತ್ತು. ಕೆಲವು ದಿನ ಬೆಳಿಗ್ಗೆಯೇ ಅವನು ಬಂದು ಕಿವಿ ಹರಿಯುವಂತೆ ಜೋರು ಮಾಡುವನು. ಮೊದಮೊದಲು ಇವರೆಲ್ಲ ಅವನು ಖುಷಿಯಲ್ಲಿದ್ದಾನೆಂದು ತಿಳಿದರು. ಆಮೇಲೆ ಗೊತ್ತಾಯಿತು, ಅವತ್ತು ಬರುವ ಬಟ್ಟೆಯ ಚೀಲಗಳು ಸೈನಿಕರ ಆಸ್ಪತ್ರೆಯ ಡೇರೆಯವು. ಬಟ್ಟೆ ಬಿಚ್ಚಿದವರು ಒಬ್ಬರಿಗೊಬ್ಬರು ಏನೂ ಆಡಿಕೊಳ್ಳಬಾರದು, ಅದಕ್ಕೆ ಹಾಡು.

"ರಗತದ ಬಟ್ಟಿ ಬಂದ ದಿನಾನೇ ಡೆಕ್ ಜೋರ. ಹಾಡ ಜೋರಾತಂದ್ರ ಯಾರೋ ಮಾತ ಮುಚ್ಚಾಕತ್ಯಾರ ಅಂತ ತಿಳಿ."

ಇದು ಅವರಿಗೆ ವೇದವಾಕ್ಯವಾಗಿಬಿಟ್ಟಿತ್ತು. ಎಲ್ಲ ಕಡೆಗೂ ಒಂದೇ ಅಳತೆಗೋಲು. ಹಳ್ಳಿಖೇಡದಲ್ಲೊಂದು ಮದುವೆಗೆ ನಾವೆಲ್ಲ ಹೋಗಿದ್ದೆವು. ಊಟದ ಹೊತ್ತಿಗೆ ಇದ್ದಕ್ಕಿದ್ದಂತೆ ಸ್ಪೀಕರು ಅಬ್ಬರಿಸಿತು. ಚಾಚಾ ತಟ್ಟೆ ಬಿಟ್ಟೆದ್ದು ಒಳಗೆ ನುಗ್ಗಿದರು. ಗಂಡಿನವರು ಏನೋ ತಗಾದೆ ತೆಗೆದಿದ್ದಾರೆ, ಹುಡುಗಿ ಅಳುತ್ತಿರಬೇಕು ಎಂದು ಅವರ ಗ್ರಹಿಕೆ. ಒಳಗೆ ಮದುಮಗಳು ಗೆಳತಿಯರ ನಡುವೆ ಕೂತು ಜಿಲೇಬಿ ತಿನ್ನುತ್ತಿದ್ದಳು. ಹೆಂಗಸರು ಕಿರುಚಿಕೊಂಡರು, ಚಾಚಾ ಬೈಸಿಕೊಂಡು ಹೊರಬಂದರು. ಅವರ ಬಿರಿಯಾನಿ ತಣ್ಣಗಾಗಿತ್ತು. "ಇವತ್ತ ಏನಿಲ್ಲ ಖರೆ. ಖಾತ್ರಿ ಮಾಡ್ಕೊಂಡೆ" ಎಂದರು, ನಾಚಿಕೆಯೇ ಇಲ್ಲದೆ.

ಎರಡು ಸಾವಿರದ ಒಂದರಲ್ಲಿ ನ್ಯೂಯಾರ್ಕಿನ ಎರಡು ಕಟ್ಟಡಗಳು ಬಿದ್ದವು. ಎದುರಿನ ಚಹಾದಂಗಡಿಯ ಟಿವಿಯ ಮುಂದೆ ಎಲ್ಲರೂ ನಿಂತಿದ್ದೆವು. ಜನ ಮೈಗೆಲ್ಲ ಬೂದಿ ಮೆತ್ತಿಕೊಂಡು ಓಡುವುದನ್ನು ನೋಡಿ ಚಾಚಾ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಆಮೇಲಿನ ತಿಂಗಳುಗಳಲ್ಲಿ ಅದೇ ಟಿವಿಯ ಇಂಗ್ಲಿಷ್ ಹಾಡಿನ ಚಾನೆಲ್ಲು ಅವರ ಹೊಸ ಕ್ಯಾಸೆಟ್ಟಾಯಿತು. ಮೊದಲು ಬಂದವು ಶೋಕದ ಹಾಡುಗಳು, ಬರೀ ಪಿಯಾನೋ, ಕೈಯಲ್ಲಿ ಮೇಣದ ಬತ್ತಿ. ಮೆಲ್ಲಗೆ ಬಾವುಟಗಳು ಸೇರಿಕೊಂಡವು. ಆಮೇಲೆ ಡ್ರಮ್ಮು ಬಂತು, ಬೂಟು ಬಂತು, ನಮ್ಮನ್ನು ಕೆಣಕಿದವರನ್ನು ಬಿಡೆವು ಎಂಬ ಮಾತು ಬಂತು. ಚಾಚಾ ಹಾಡು ನೋಡುತ್ತಿರಲಿಲ್ಲ, ಅದು ಏರುವುದನ್ನು ನೋಡುತ್ತಿದ್ದರು.

"ಅಳೋ ಹಾಡು ಖರೇನೇ ಇತ್ತು ಬೇಟಿ. ಆದ್ರ ಈಗ ಜೋರ ಮಾಡಾಕತ್ಯಾರ. ಎಲ್ಲೋ ಚೀಲ ಬರೋದದ."

ಯುದ್ಧ ಬಂದೇ ಬಂತು. ಮೊದಲು ಅಫ್ಘಾನಿಸ್ತಾನ, ಆಮೇಲೆ ಇರಾಕ್. ಯುದ್ಧ ಬೇಡವೆಂದ ಹಾಡುಗಾರ್ತಿಯರ ಹಾಡನ್ನು ರೇಡಿಯೋದವರು ನಿಲ್ಲಿಸಿದರೆಂದೂ, ಜನ ಅವರ ಸಿ.ಡಿ.ಗಳನ್ನು ತುಳಿದು ಪುಡಿಮಾಡಿದರೆಂದೂ ನಾನು ಪೇಪರಿನಲ್ಲಿ ಓದಿ ಹೇಳಿದೆ. ಚಾಚಾ ತಲೆಯಾಡಿಸಿದರು. ಆಗ ಅವರ ಚಿಂತೆ ಬೇರೆಯೇ ಇತ್ತು.

ಅವರ ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದರು. ಅಳಿಯ ವೈರಿಂಗ್ ಕೆಲಸದವ, ಒಳ್ಳೆಯವ, ಕೆಲಸ ಸಿಕ್ಕ ದಿನಕ್ಕಿಂತ ಸಿಗದ ದಿನವೇ ಹೆಚ್ಚು. ಹುಮನಾಬಾದ್ ಬಸ್‌ಸ್ಟ್ಯಾಂಡಿನ ಹತ್ತಿರದ ಏಜೆಂಟನೊಬ್ಬ ಅವನಿಗೆ ಕುವೈತಿನಲ್ಲಿ ಅಮೆರಿಕದ ಸೈನಿಕರ ಕ್ಯಾಂಪಿನಲ್ಲಿ ಕೆಲಸ ಕೊಡಿಸುವೆನೆಂದಿದ್ದ. ಪಾಸ್‌ಪೋರ್ಟು ಆಗಲೇ ಏಜೆಂಟನ ಮೇಜಿನ ಮೇಲಿತ್ತು. ಇಂಗ್ಲಿಷ್ ಬಲ್ಲವಳೆಂದು ಚಾಚಾ ಅಳಿಯನ ಜೊತೆ ನನ್ನನ್ನೂ ಅವನಲ್ಲಿಗೆ ಕರೆದುಕೊಂಡು ಹೋದರು.

ಏಜೆಂಟ ಚಹಾ ತರಿಸಿ ಒಂದು ಸಿ.ಡಿ. ಹಾಕಿದ. ತಣ್ಣನೆಯ ಕೋಣೆಗಳು, ಸಾಲು ಮಂಚ, ಹೊಳೆಯುವ ಅಡುಗೆಮನೆ. ನಮ್ಮ ಕಡೆಯವರಂತೆ ಕಾಣುವ ಅಡುಗೆಯವನೊಬ್ಬ ಕ್ಯಾಮೆರಾ ನೋಡಿ ಏನೋ ಹೇಳುತ್ತಿದ್ದ. ಅವನ ಮಾತು ಕೇಳಿಸುತ್ತಿರಲಿಲ್ಲ. ಅದರ ಮೇಲೆ ಅಮೆರಿಕದ ಹಾಡೊಂದು ಡ್ರಮ್ಮು ಸಮೇತ ಭರ್ಜರಿಯಾಗಿ ನಡೆದಿತ್ತು.

"ಅವ ಏನೋ ಹೇಳಾಕತ್ಯಾನ. ಹಾಡ ತಗದು ಅದನ್ನ ಕೇಳಸ್ರಿ" ಎಂದರು ಚಾಚಾ.

"ಹಾಡ ಅದರಾಗೇ ಕೂಡೇದ ಚಾಚಾ, ತಗಿಯಾಕ ಬರಂಗಿಲ್ಲ."

"ಹಂಗಾದ್ರ ಕೂಡಸೋ ಮೊದಲಿಂದು ತೋರಸ್ರಿ."

ಏಜೆಂಟ ನಕ್ಕು ನನ್ನ ಕಡೆ ತಿರುಗಿದ. "ಮೇಡಂ, ನೀವರ ಹೇಳ್ರಿ. ಈ ಹಾಡಿನಾಗ ಕೆಟ್ಟದ್ದೇನರ ಅದ ಏನ್ರಿ?"

ನಮ್ಮ ನೆಲ, ನಮ್ಮ ಬಾವುಟ, ಬಿದ್ದವರನ್ನು ಮರೆಯೆವು, ಇಷ್ಟೇ ಹಾಡಿನಲ್ಲಿದ್ದದ್ದು. ಇಲ್ಲ ಎಂದೆ. ಅಳಿಯನ ಮುಖ ಅರಳಿತು.

"ಹಾಡಿನಾಗ ಏನದ ಅಂತ ನಾ ಕೇಳಿಲ್ಲ. ಹಾಡಿನ ಕೆಳಗ ಏನದ ಅಂತ ಕೇಳೀನಿ" ಎಂದವರೇ ಚಾಚಾ ಪಾಸ್‌ಪೋರ್ಟು ಎತ್ತಿ ಕಿಸೆಗೆ ಹಾಕಿಕೊಂಡು ಹೊರಟರು.

ಬಸ್‌ಸ್ಟ್ಯಾಂಡಿನವರೆಗೂ ಅಳಿಯ ಹಿಂದೆ ಬಂದ. "ನನ್ನ ಬಾಳೇ ಕಿಸೆದಾಗ ಇಟಗೊಂಡ ಹೊಂಟೀರಿ ಮಾಮು" ಎಂದ. ಚಾಚಾ ತಿರುಗಿ ನೋಡಲಿಲ್ಲ. ಆ ವರ್ಷ ಈದ್‌ಗೆ ಮಗಳು ತವರಿಗೆ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ನನ್ನ ಜೊತೆಗೂ ಅವಳು ಸರಿಯಾಗಿ ಮಾತಾಡಲಿಲ್ಲ.

ಚಾಚಾ ಮಾಡಿದ್ದು ಸರಿಯೇ? ಇವತ್ತಿಗೂ ನನಗೆ ಗೊತ್ತಿಲ್ಲ. ಆ ಏಜೆಂಟನ ಮೂಲಕ ಹೋದವರಲ್ಲಿ ಕೆಲವರು ಬಂದು ಮನೆ ಕಟ್ಟಿಸಿದರು. ಮನ್ನಾಏಖೇಳ್ಳಿಯ ಒಬ್ಬ ಮಾತ್ರ ಒಂದು ದಿನ, ಪಾಸ್‌ಪೋರ್ಟಿನ ಸುದ್ದಿ ಕೇಳಿ, ಚಾಚಾರನ್ನು ಹುಡುಕಿಕೊಂಡು ಅಂಗಡಿಗೆ ಬಂದ. ಕುವೈತೆಂದು ಹೇಳಿ ಟ್ರಕ್ಕಿನಲ್ಲಿ ಗಡಿ ದಾಟಿಸಿ ಇರಾಕಿಗೆ ಒಯ್ದಿದ್ದರಂತೆ. "ಬಾಂಬ್ ಬೀಳೋದ ಕೇಳತಿತ್ತೇನು?" ಎಂದು ಚಾಚಾ ಕೇಳಿದರು. "ಕೇಳತಿತ್ರಿ, ಹಾಡ ಹಚ್ಚತಿದ್ರು" ಎಂದ ಅವನು. ಚಾಚಾ ಈ ಮಾತನ್ನು ಹುಮನಾಬಾದಿಗೆ ಹೇಳಿ ಕಳಿಸಲೇ ಇಲ್ಲ. ನೀವು ಗೆದ್ದಿರಿ, ಹೇಳಿರಿ ಎಂದು ನಾನು ದುಂಬಾಲು ಬಿದ್ದೆ. "ನಾ ಹೇಳಿದ್ರ ನಂಬತಾರೇನು? ನಾನಾದ್ರೂ ನಂಬತಿರಲಿಲ್ಲ" ಎಂದರು.

ಕೆಲವು ವರ್ಷ ಕಳೆದ ಮೇಲೆ ಯುದ್ಧವನ್ನು ಬೈಯುವ ಹಾಡುಗಳು ಅದೇ ಚಾನೆಲ್ಲಿನಲ್ಲಿ ಬರತೊಡಗಿದವು. ನೋಡಿದಿರಾ, ಹಾಡೇ ಈಗ ಖರೆ ಹೇಳುತ್ತಿದೆ ಎಂದು ನಾನು ಹಿಗ್ಗಿದೆ. "ಸೋಲಾಕತ್ತಿದ ಮ್ಯಾಲ ಎಲ್ಲಾರೂ ಖರೆ ಹೇಳ್ತಾರ ಬೇಟಿ. ಗೆಲ್ಲಾಕತ್ತಾಗ ಯಾರ ಹೇಳಿದ್ರು ಅವರ ಹಾಡ ಹಚ್ಚು" ಎಂದರು.

ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಾದಾಗ ಮಗಳೇ ಓಡಿಬಂದು ಹುಮನಾಬಾದಿನ ಆಸ್ಪತ್ರೆಗೆ ಸೇರಿಸಿದಳು. ನಾನು ನೋಡಲು ಹೋದ ಮಧ್ಯಾಹ್ನ ಗೋಡೆಯ ಮೇಲಿನ ಟಿವಿಯಲ್ಲಿ ಹಿಂದಿ ಹಾಡು ನಡೆದಿತ್ತು. ಬಾಗಿಲ ಹೊರಗೆ ಡಾಕ್ಟರು ಅಳಿಯನಿಗೆ ಏನೋ ಹೇಳುತ್ತಿದ್ದರು. ಮಾತು ಅರೆಬರೆ ಒಳಗೆ ಬರುತ್ತಿತ್ತು. ಮಗಳು ಗಾಬರಿಯಾಗಿ ರಿಮೋಟು ತೆಗೆದುಕೊಂಡು ಹಾಡನ್ನು ಜೋರು ಮಾಡಿದಳು.

ಚಾಚಾ ರಿಮೋಟನ್ನು ನೋಡಿದರು, ಮಗಳ ಮುಖವನ್ನು ನೋಡಿದರು. ಆ ನೋಟವನ್ನು ನೋಡಲಾಗದೆ ನಾನು ನೆಲ ನೋಡಿದೆ.

ಅಳಿಯ ಒಳಗೆ ಬಂದ. ಹೆಂಡತಿಯ ಕೈಯಿಂದ ರಿಮೋಟು ತೆಗೆದುಕೊಂಡು ಟಿವಿ ಬಂದ್ ಮಾಡಿದ. ಮಂಚದ ಅಂಚಿಗೆ ಕೂತು ಆ ಸುಟ್ಟ ಗುರುತಿನ ಕೈ ಹಿಡಿದುಕೊಂಡ.

"ಮಾಮು, ಡಾಕ್ಟರು ತಮ್ಮ ಕೈಯಾಗ ಏನೂ ಉಳದಿಲ್ಲ ಅಂದಾರ. ಮನಿಗಿ ಒಯ್ರಿ ಅಂದಾರ."

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಚಾಚಾ ಅಳಿಯನ ಮುಖವನ್ನೇ ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ಯಾರ ಮಾತನ್ನಾದರೂ ಒಂದೇ ಸಲಕ್ಕೆ ನಂಬಿದ್ದನ್ನು ನಾನು ನೋಡಿರಲಿಲ್ಲ. ಅವತ್ತು ನೋಡಿದೆ.

"ಖರೆ ಹೇಳಿದಿ ಬೇಟಾ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಈಗ ಹಚ್ಚವ್ವಾ ಹಾಡ. ಜೋರ ಹಚ್ಚು" ಎಂದರು.